ಹೂಳು ಹೇಳಿದ ಸಹಜ ಮಟ್ಟ: ಸ್ಕಾಟ್ಲೆಂಡಿನ ಒಂದು ಸರೋವರದ ಪ್ರಕರಣ

ಒಂದು ಸರೋವರದ ನೀರಿನ ಪಿಎಚ್ 4.7 ಇದೆ. ಅದು ಹಾಳಾಗಿದೆಯಾ?

ಶಾಲೆಯ ವಿಜ್ಞಾನ ನೆನಪಿರುವವರು ಥಟ್ಟನೆ ಹೌದು ಅನ್ನುತ್ತಾರೆ. 7 ಅಂದರೆ ತಟಸ್ಥ, ಅದಕ್ಕಿಂತ ಕೆಳಗಿದ್ದರೆ ಆಮ್ಲ, 4.7 ಅಂದರೆ ತುಂಬಾ ಆಮ್ಲ. ಲೆಕ್ಕ ಮುಗೀತು ಅಲ್ವಾ? ಮುಗಿಯಲಿಲ್ಲ. ಯಾವ ಚಿಮಣಿಯ ಹೊಗೆಯೂ ಮುಟ್ಟದ ಸರೋವರಗಳಲ್ಲೂ, ಅದರಲ್ಲೂ ಪೀಟ್ ನೆಲದಿಂದ (ಅರ್ಧ ಕೊಳೆತ ಸಸ್ಯ ಕಟ್ಟಿಕೊಂಡ ಜೌಗು ಮಣ್ಣು) ಕಂದು ನೀರು ಹರಿದು ಬರುವ ಕಡೆ, ಪಿಎಚ್ 5ಕ್ಕಿಂತ ಕೆಳಗೆ ಇರುವುದುಂಟು. ಶುದ್ಧ ಮಳೆನೀರು ಕೂಡ ಗಾಳಿಯಲ್ಲಿರುವ ಕಾರ್ಬನ್ ಡೈಆಕ್ಸೈಡ್ ಕರಗಿಸಿಕೊಂಡು 5.6ರ ಆಸುಪಾಸಿಗೆ ಇಳಿದಿರುತ್ತದೆ. ಹಾಗಾಗಿ 4.7 ಅನ್ನೋ ಅಂಕಿ ಒಂದೇ ಕೈಗೆ ಸಿಕ್ಕರೆ ಅದರಿಂದ ಮನುಷ್ಯನ ಪಾಲು ಎಷ್ಟು ಅಂತ ಹೇಳೋಕೆ ಆಗಲ್ಲ.

ಇಲ್ಲಿ ಎರಡು ಬೇರೆ ಪ್ರಶ್ನೆಗಳಿವೆ. ನೀರು ಈಗ ಹೇಗಿದೆ, ಅದರಲ್ಲಿ ಮೀನು ಬದುಕುತ್ತದಾ ಅನ್ನೋದು ಒಂದು. ಮನುಷ್ಯ ಕೈ ಹಾಕದೇ ಇದ್ದಿದ್ದರೆ ಅದೇ ನೀರು ಹೇಗಿರುತ್ತಿತ್ತು ಅನ್ನೋದು ಇನ್ನೊಂದು. ಸ್ವೀಡನ್ನಿನ ಪರಿಸರ ಸಂರಕ್ಷಣಾ ಸಂಸ್ಥೆ 1990ರ ದಶಕದ ಕೊನೆಯಲ್ಲಿ ತಂದ ಮಾನದಂಡಗಳು ಇವೆರಡನ್ನೂ ಬೇರೆ ಬೇರೆ ಪಟ್ಟಿಗಳಲ್ಲೇ ಇಟ್ಟವು. ಒಂದು ಪಟ್ಟಿ ಈಗಿನ ಸ್ಥಿತಿಗೆ, ಇನ್ನೊಂದು ಸಹಜ ಮಟ್ಟದಿಂದ ಎಷ್ಟು ದೂರ ಸರಿದಿದೆ ಅನ್ನೋದಕ್ಕೆ. ಎರಡನ್ನೂ ಬೆರೆಸಿ ಒಂದೇ ಅಂಕ ಕೊಡುವ ವರದಿಗಳನ್ನು ನಾನು ನಂಬುವುದಿಲ್ಲ. ಯಾಕೆ ಅಂತ ಹೇಳೋಕೆ ಒಂದೇ ಒಂದು ಸರೋವರದ ಕಥೆ ಸಾಕು.

ಜಾಗ

ಸ್ಕಾಟ್ಲೆಂಡಿನ ನೈಋತ್ಯ ಮೂಲೆಯಲ್ಲಿ ಗ್ಯಾಲೊವೇ ಅಂತ ಬೆಟ್ಟದ ಸೀಮೆ ಇದೆ. ಅಲ್ಲಿ ಸಮುದ್ರಮಟ್ಟದಿಂದ ಸುಮಾರು 300 ಮೀಟರ್ ಎತ್ತರದಲ್ಲಿ ರೌಂಡ್ ಲಾಖ್ ಆಫ್ ಗ್ಲೆನ್‌ಹೆಡ್ ಎಂಬ ಚಿಕ್ಕ ಸರೋವರ. ವಿಸ್ತಾರ ಹನ್ನೆರಡೂವರೆ ಹೆಕ್ಟೇರ್ ಅಷ್ಟೇ. ಸುತ್ತ ಹುಲ್ಲು, ಹೀದರ್ ಪೊದೆ, ಪೀಟ್ ನೆಲ. ಕುರಿ ಮೇಯುವುದು ಬಿಟ್ಟರೆ ಹೇಳಿಕೊಳ್ಳುವಂಥ ಬೇಸಾಯ ಇಲ್ಲ. ಕಾರ್ಖಾನೆ ಇಲ್ಲ, ಚರಂಡಿ ಬಂದು ಸೇರುವುದಿಲ್ಲ, ನೆಡುತೋಪೂ ಇಲ್ಲ. ನೋಡಿದವರು 'ಮನುಷ್ಯ ಮುಟ್ಟದ ಜಾಗ' ಅಂತಲೇ ಬರೆಯುತ್ತಾರೆ.

ಕೆಳಗಿರುವುದು ಗ್ರಾನೈಟ್. ಈ ಪ್ರಕರಣದಲ್ಲಿ ಅದು ಬಹಳ ಮುಖ್ಯ. ಸುಣ್ಣಕಲ್ಲಿನ ನೆಲವಾಗಿದ್ದರೆ ಮಳೆಯ ಜೊತೆ ಬಂದ ಆಮ್ಲವನ್ನು ಕ್ಯಾಲ್ಸಿಯಂ ಕಾರ್ಬೊನೇಟ್ ಅಲ್ಲಲ್ಲೇ ಕೊಂದುಹಾಕುತ್ತದೆ. ಗ್ರಾನೈಟ್ ಕರಗುವುದು ತೀರಾ ನಿಧಾನ, ಕ್ಯಾಲ್ಸಿಯಂ ಕೊಡುವುದೂ ಚೂರುಪಾರು. ಅದೇ ಮೋಡ, ಅದೇ ಮಳೆ, ಆದರೆ ಪಕ್ಕದ ಕಣಿವೆಯ ಕಲ್ಲು ಬೇರೆ ಆದರೆ ಅಲ್ಲಿನ ಸರೋವರಕ್ಕೆ ಏನೂ ಆಗದೇ ಇರಬಹುದು. ಆದ್ದರಿಂದಲೇ 'ಸರೋವರದ ಸಹಜ ಪಿಎಚ್ ಇಷ್ಟು' ಅಂತ ಇಡೀ ದೇಶಕ್ಕೆ ಒಂದು ಅಂಕಿ ಕೊಡಲು ಬರುವುದಿಲ್ಲ. ಪ್ರತಿ ಸರೋವರಕ್ಕೂ ಅದರದೇ ಮಟ್ಟ.

1980ರ ಆಸುಪಾಸಿನಲ್ಲಿ ಇದರ ಪಿಎಚ್ 4.7ರ ಹತ್ತಿರ ಇತ್ತು. ಅಷ್ಟು ಆಮ್ಲದ ನೀರಿನಲ್ಲಿ ಮಣ್ಣಿನಿಂದ ಅಲ್ಯೂಮಿನಿಯಂ ಕರಗಿ ಬರುತ್ತದೆ, ಅದು ಮೀನಿನ ಕಿವಿರುಗಳಿಗೆ ವಿಷ. ಈ ಸೀಮೆಯ ಹಲವು ಸರೋವರಗಳಲ್ಲಿ ಟ್ರೌಟ್ ಮೀನು ಕಡಿಮೆಯಾಗಿತ್ತು, ಕೆಲವು ಕಡೆ ಪೂರ್ತಿ ಇಲ್ಲವಾಗಿತ್ತು.

ಜಗಳ

ಇದು ಬರೀ ಒಂದು ಬೆಟ್ಟದ ವಿಷಯವಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. 1967ರಲ್ಲಿ ಸ್ವೀಡನ್ನಿನ ಮಣ್ಣು ವಿಜ್ಞಾನಿ ಸ್ವಾಂಟೆ ಓಡೆನ್, ಬೇರೆ ದೇಶಗಳ ಚಿಮಣಿಗಳಿಂದ ಹೊರಟ ಗಂಧಕ ಸ್ಕ್ಯಾಂಡಿನೇವಿಯಾದ ಮೇಲೆ ಆಮ್ಲವಾಗಿ ಸುರಿಯುತ್ತಿದೆ ಅಂತ ಪತ್ರಿಕೆಯಲ್ಲಿ ಬರೆದರು. ಆಮ್ಲ ಮಳೆ ಹೊಸ ಸಂಗತಿಯೇನಲ್ಲ. ಬ್ರಿಟನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ಆಂಗಸ್ ಸ್ಮಿತ್ 1872ರಲ್ಲೇ ಆ ಮಾತನ್ನು ಬಳಸಿದ್ದರು. ಆದರೆ ಅವರು ನೋಡಿದ್ದು ಕೈಗಾರಿಕಾ ಪಟ್ಟಣಗಳ ಪಕ್ಕದ ಮಳೆ. ಓಡೆನ್ ಹೇಳಿದ್ದು ಗಡಿ ದಾಟಿ ಬರುವ ಮಳೆಯ ವಿಷಯ. ಬೆರಳು ತೋರಿಸಿದ್ದು ಮುಖ್ಯವಾಗಿ ಬ್ರಿಟನ್ನಿನ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳ ಕಡೆಗೆ. 1970ರ ಸುಮಾರಿಗೆ ಬ್ರಿಟನ್ ವರ್ಷಕ್ಕೆ 60 ಲಕ್ಷ ಟನ್‌ಗಿಂತ ಜಾಸ್ತಿ ಸಲ್ಫರ್ ಡೈಆಕ್ಸೈಡ್ ಉಗುಳುತ್ತಿತ್ತು.

ಬ್ರಿಟನ್ನಿನ ಕಡೆಯಿಂದ ಬಂದ ಉತ್ತರ ಏನಪ್ಪಾ ಅಂದರೆ, ಸಾಬೀತಾಗಿಲ್ಲ. ಸರೋವರಗಳು ಆಮ್ಲವಾಗಿವೆ ಸರಿ, ಮೊದಲು ಹೇಗಿದ್ದವು ಅಂತ ಯಾರಿಗೆ ಗೊತ್ತು?

ಇದನ್ನು ಸುಮ್ನೆ ನೆಪ ಅಂತ ತಳ್ಳಿಹಾಕುವುದು ಸುಲಭ. ಆದರೆ ಪ್ರಶ್ನೆ ನ್ಯಾಯವಾದದ್ದೇ. ಹಳೇ ಅಳತೆಗಳು ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಪಿಎಚ್ ಅನ್ನುವ ಅಳತೆಯನ್ನೇ ಡೆನ್ಮಾರ್ಕಿನ ಸೋರೆನ್ಸನ್ ತಂದಿದ್ದು 1909ರಲ್ಲಿ. ಗಾಜಿನ ಎಲೆಕ್ಟ್ರೋಡ್ ಇರುವ ಮೀಟರ್ ಮಾರುಕಟ್ಟೆಗೆ ಬಂದಿದ್ದು 1930ರ ದಶಕದಲ್ಲಿ. ಅದಕ್ಕೆ ಮುಂಚೆ ಬಣ್ಣ ಬದಲಾಗುವ ರಾಸಾಯನಿಕ ಹಾಕಿ ಅಂದಾಜು ಮಾಡುತ್ತಿದ್ದರು. ಲವಣ ತೀರಾ ಕಡಿಮೆ ಇರುವ ಇಂಥ ತೆಳು ನೀರಿನಲ್ಲಿ ಆ ಅಂದಾಜನ್ನು ನೆಚ್ಚಿಕೊಳ್ಳೋದು ಕಷ್ಟ. 1850ರಲ್ಲಿ ಗ್ಲೆನ್‌ಹೆಡ್ ಸರೋವರದ ಪಿಎಚ್ ಎಷ್ಟಿತ್ತು ಅಂತ ಬರೆದಿಟ್ಟವರು ಯಾರೂ ಇಲ್ಲ.

ಸಹಜ ಮಟ್ಟ ಹುಡುಕುವುದಕ್ಕೆ ಸಾಮಾನ್ಯವಾಗಿ ಇರುವ ದಾರಿಗಳು ನಾಲ್ಕು: ಹಳೇ ದಾಖಲೆ, ಹೊಗೆ ತಲುಪದ ಇನ್ನೊಂದು ಸರೋವರದ ಜೊತೆ ಹೋಲಿಕೆ, ಗಣಿತದ ಮಾದರಿ, ಮತ್ತು ಹೂಳು. ಮೊದಲನೆಯದು ಇಲ್ಲ. ಎರಡನೆಯದಕ್ಕೆ ಕಲ್ಲು, ಮಣ್ಣು, ಎತ್ತರ, ಮಳೆ ಎಲ್ಲ ಒಂದೇ ಥರ ಇದ್ದು ಹೊಗೆ ಮಾತ್ರ ಬೀಳದ ಜೋಡಿ ಬೇಕು, ಸಿಗುವುದು ಅಪರೂಪ. ಮಾದರಿಗೆ ತಿನ್ನಿಸಿದ ಊಹೆಗಳೇ ಉತ್ತರವಾಗಿ ಹೊರಬರುವ ಅಪಾಯ ಇದೆ. ಉಳಿದದ್ದು ಹೂಳು.

ಹೂಳು ಓದುವ ಕೆಲಸ

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ರೋಜರ್ ಫ್ಲವರ್ ಮತ್ತು ರಿಕ್ ಬ್ಯಾಟರ್ಬೀ ಈ ಸರೋವರದ ತಳದಿಂದ ಉದ್ದುದ್ದ ಕೊಳವೆಗಳಲ್ಲಿ ಹೂಳು ತೆಗೆದರು. 1983ರಲ್ಲಿ ಇದರ ಮತ್ತು ಹತ್ತಿರದ ಲಾಖ್ ಗ್ರಾನಖ್ ಎಂಬ ಇನ್ನೊಂದು ಸರೋವರದ ಫಲಿತಾಂಶ ಪ್ರಕಟವಾಯಿತು.

ಸರೋವರದ ತಳದಲ್ಲಿ ಪ್ರತಿ ವರ್ಷ ತೆಳುವಾದ ಒಂದು ಪದರ ಕೂರುತ್ತದೆ. ಅದರಲ್ಲಿ ಡಯಾಟಮ್ ಎಂಬ ಏಕಕೋಶ ಪಾಚಿಗಳ ಚಿಪ್ಪುಗಳಿರುತ್ತವೆ. ಈ ಚಿಪ್ಪು ಸಿಲಿಕಾದ್ದು, ಅಂದರೆ ಹೆಚ್ಚುಕಡಿಮೆ ಗಾಜು. ಪಾಚಿ ಸತ್ತರೂ ಚಿಪ್ಪು ಉಳಿಯುತ್ತದೆ. ಅದರ ಮೇಲಿನ ಗೆರೆ, ಚುಕ್ಕಿಗಳ ವಿನ್ಯಾಸ ನೋಡಿ ಯಾವ ಜಾತಿ ಅಂತ ಹೇಳಬಹುದು. ಕೆಲಸಕ್ಕೆ ಬರುವ ಗುಣ ಇನ್ನೊಂದಿದೆ: ಒಂದೊಂದು ಜಾತಿಗೂ ಒಂದೊಂದು ಪಿಎಚ್ ಒಗ್ಗುತ್ತದೆ. ಜರ್ಮನಿಯ ಫ್ರೀಡ್ರಿಖ್ ಹುಸ್ಟೆಟ್ 1930ರ ದಶಕದಲ್ಲಿ ಜಾವಾ, ಬಾಲಿ, ಸುಮಾತ್ರಾಗಳ ಡಯಾಟಮ್‌ಗಳನ್ನು ಹೀಗೆ ಆಮ್ಲ ಇಷ್ಟಪಡುವವು, ಕ್ಷಾರ ಇಷ್ಟಪಡುವವು ಅಂತ ಗುಂಪು ಮಾಡಿದ್ದರು. ಆಗ ಅದು ಶುದ್ಧ ಸಸ್ಯಶಾಸ್ತ್ರ. ಅದು ವಿದ್ಯುತ್ ಸ್ಥಾವರಗಳ ಮೇಲಿನ ಮೊಕದ್ದಮೆಗೆ ಸಾಕ್ಷಿಯಾಗುತ್ತದೆ ಅಂತ ಯಾರು ಅಂದುಕೊಂಡಿದ್ದರು!

ವಿಧಾನ ಹೀಗೆ. ಹೂಳಿನ ಕೊಳವೆಯನ್ನು ತೆಳು ಬಿಲ್ಲೆಗಳಾಗಿ ಕತ್ತರಿಸಿ, ಒಂದೊಂದನ್ನೂ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಕಾಯಿಸಿದರೆ ಕೊಳೆತ ಸಸ್ಯದ ಅಂಶವೆಲ್ಲ ಹೋಗಿ ಚಿಪ್ಪುಗಳು ಉಳಿಯುತ್ತವೆ. ಅವನ್ನು ಗಾಜಿನ ಮೇಲೆ ಹರಡಿ ಸಾವಿರ ಪಟ್ಟು ದೊಡ್ಡದು ಮಾಡಿ ನೋಡುತ್ತಾ, ಒಂದು ಬಿಲ್ಲೆಗೆ ನೂರಾರು ಚಿಪ್ಪುಗಳನ್ನು ಜಾತಿವಾರು ಎಣಿಸಬೇಕು. ಕಣ್ಣು ಸೋಲುವ ಕೆಲಸ.

ಎಣಿಕೆಯಿಂದ ಪಿಎಚ್‌ಗೆ ಬರುವುದು ಆಮೇಲೆ. ಇವತ್ತಿನ ನೂರಾರು ಸರೋವರಗಳಿಗೆ ಹೋಗಿ ನೀರಿನ ಪಿಎಚ್ ಅಳೆದು, ಹೂಳಿನ ಮೇಲ್ಪದರದ ಡಯಾಟಮ್ ಎಣಿಸಿ, ಯಾವ ಜಾತಿ ಯಾವ ಪಿಎಚ್‌ನಲ್ಲಿ ಅತಿ ಹೆಚ್ಚು ಸಿಗುತ್ತದೆ ಅಂತ ಪಟ್ಟಿ ಮಾಡುತ್ತಾರೆ. ನಂತರ ಹಳೇ ಬಿಲ್ಲೆಯ ಜಾತಿಗಳಿಗೆ ಆ ಪಟ್ಟಿಯ ಅಂಕಿ ಹಾಕಿ, ಎಷ್ಟು ಪಾಲು ಇದೆಯೋ ಅಷ್ಟು ತೂಕ ಕೊಟ್ಟು ಸರಾಸರಿ ತೆಗೆಯುತ್ತಾರೆ. ಎರಡೇ ಜಾತಿ ಇವೆ ಅಂದುಕೊಳ್ಳಿ, 5.9 ಇಷ್ಟಪಡುವುದು ಶೇ 40, 5.1 ಇಷ್ಟಪಡುವುದು ಶೇ 60. ಸರಾಸರಿ 5.42. ಆಗ ನೀರು ಸುಮಾರು ಅಷ್ಟಿತ್ತು. ಹೀಗೆ ಎರಡೆರಡು ಸಲ ಸರಾಸರಿ ಮಾಡಿದಾಗ ಅಂಕಿಗಳು ನಡುವಿಗೆ ಕುಗ್ಗುತ್ತವೆ, ಆದ್ದರಿಂದ ಕೊನೆಗೆ ಮತ್ತೆ ಹಿಗ್ಗಿಸುವ ಒಂದು ಲೆಕ್ಕವೂ ಇದೆ. ಜಾನ್ ಬರ್ಕ್ಸ್ ಮತ್ತು ಜೊತೆಗಾರರು 1990ರಲ್ಲಿ ಬ್ರಿಟನ್, ನಾರ್ವೆ, ಸ್ವೀಡನ್‌ಗಳ 167 ಸರೋವರಗಳನ್ನಿಟ್ಟುಕೊಂಡು ಈ ವಿಧಾನವನ್ನು ಗಟ್ಟಿ ಮಾಡಿದರು. ತಪ್ಪಿನ ಅಂದಾಜು ಸುಮಾರು 0.3 ಪಿಎಚ್.

ಯಾವ ಬಿಲ್ಲೆ ಯಾವ ವರ್ಷದ್ದು? ಅದಕ್ಕೆ ಸೀಸ-210 ಇದೆ. ಗಾಳಿಯಿಂದ ಬಿದ್ದು ಹೂಳಿಗೆ ಸೇರುವ ಸಹಜ ವಿಕಿರಣಶೀಲ ಸೀಸ ಇದು, ಅರ್ಧಾಯುಷ್ಯ ಸುಮಾರು 22 ವರ್ಷ, ಅಂದರೆ ಅಷ್ಟು ಕಾಲಕ್ಕೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಆಳಕ್ಕೆ ಹೋದಂತೆ ಎಷ್ಟು ಕಡಿಮೆಯಾಗಿದೆ ಅಂತ ನೋಡಿದರೆ ವಯಸ್ಸು ಸಿಗುತ್ತದೆ. ಸುಮಾರು 150 ವರ್ಷದವರೆಗೆ ಮಾತ್ರ ಕೆಲಸ ಮಾಡುತ್ತದೆ, ಕೈಗಾರಿಕಾ ಯುಗವನ್ನು ಅಳೆಯೋಕೆ ಅಷ್ಟು ಬೇಕಿತ್ತು, ಅಷ್ಟೇ ಸಿಕ್ಕಿತು. ಪರಮಾಣು ಪರೀಕ್ಷೆಗಳಿಂದ ಬಂದ ಸೀಸಿಯಂ-137 ಕೂಡ ಬಳಸುತ್ತಾರೆ, ಆದರೆ ಇಂಥ ಆಮ್ಲ ಸರೋವರಗಳಲ್ಲಿ ಅದು ಕೂತ ಕಡೆ ಕೂರದೆ ಹೂಳಿನೊಳಗೆ ಓಡಾಡುತ್ತದೆ.

ಸಿಕ್ಕ ಅಂಕಿ

1850ಕ್ಕೆ ಮುಂಚಿನ ಪದರಗಳಲ್ಲಿ ಬ್ರಾಕಿಸಿರಾ ವಿಟ್ರಿಯಾ ಎಂಬ ಡಯಾಟಮ್ ಸಮೃದ್ಧವಾಗಿತ್ತು. ಅದು ತೀರಾ ಆಮ್ಲ ತಡೆಯುವುದಿಲ್ಲ. 1850ರ ನಂತರ ಅದು ಕಡಿಮೆಯಾಗುತ್ತಾ ಹೋಗಿ, ಮೇಲಿನ ಪದರಗಳಲ್ಲಿ ಟ್ಯಾಬೆಲೇರಿಯಾ ಕ್ವಾಡ್ರಿಸೆಪ್ಟೇಟಾ, ಟ್ಯಾಬೆಲೇರಿಯಾ ಬೈನಾಲಿಸ್ ಥರದ ಅಪ್ಪಟ ಆಮ್ಲಪ್ರಿಯ ಜಾತಿಗಳು ತುಂಬಿಕೊಂಡವು. ಲೆಕ್ಕ ಹಾಕಿದರೆ ಮೊದಲು ಪಿಎಚ್ 5.5ರ ಆಸುಪಾಸು. 1970ರ ದಶಕದ ಹೊತ್ತಿಗೆ 4.7ರ ಹತ್ತಿರ.

ಅಂದರೆ ಈ ಸರೋವರ ಎಂದೂ 7 ಇರಲಿಲ್ಲ. ಕೈಗಾರಿಕೆ ಹುಟ್ಟುವ ಮೊದಲೇ ಅದು ಆಮ್ಲದ ಕಡೆಗೇ ಇತ್ತು. ಮನುಷ್ಯನ ಪಾಲು 7ರಿಂದ 4.7ರವರೆಗಿನ 2.3 ಅಲ್ಲ, 5.5ರಿಂದ 4.7ರವರೆಗಿನ 0.8. ತಟಸ್ಥವನ್ನೇ ಸಹಜ ಅಂದುಕೊಂಡವರು ಹಾನಿಯನ್ನು ಉಬ್ಬಿಸಿ ಹೇಳುತ್ತಿದ್ದರು, 'ಇಲ್ಲಿನ ನೀರು ಮೊದಲಿಂದಲೂ ಹೀಗೇ' ಅಂದವರು ಹಾನಿಯೇ ಇಲ್ಲ ಅನ್ನುತ್ತಿದ್ದರು. ಹೂಳು ಇಬ್ಬರ ಮಾತನ್ನೂ ಕೇಳಲಿಲ್ಲ.

0.8 ಅಂದರೆ ಚಿಲ್ಲರೆ ಅನ್ನಿಸಬಹುದು. ಪಿಎಚ್ ಲಾಗರಿದಮಿಕ್ ಅಳತೆ, ಅಂದರೆ ಒಂದು ಅಂಕ ಇಳಿದರೆ ಆಮ್ಲತೆ ತರುವ ಹೈಡ್ರೋಜನ್ ಅಯಾನು ಹತ್ತು ಪಟ್ಟಾಗುತ್ತದೆ. 5.5 ಇದ್ದಾಗ ಒಂದು ಲೀಟರಿನಲ್ಲಿ ಹೈಡ್ರೋಜನ್ ಅಯಾನು ಸುಮಾರು 3.2 ಮೈಕ್ರೋಮೋಲ್, 4.7 ಇದ್ದಾಗ ಸುಮಾರು 20. ಆರು ಪಟ್ಟಿಗೂ ಜಾಸ್ತಿ.

ಇಲ್ಲಿ ವರದಿ ಬರೆಯುವವರಿಗೆ ಒಂದು ಗುಂಡಿ ಕಾದಿರುತ್ತದೆ. ಯುರೋಪಿಯನ್ ಒಕ್ಕೂಟದ 2000ದ ಜಲ ಚೌಕಟ್ಟು ನಿರ್ದೇಶನ, ಸಹಜ ಸ್ಥಿತಿಗೆ ಹೋಲಿಸಿ 0ಯಿಂದ 1ರ ನಡುವೆ ಒಂದು ಅನುಪಾತ ಕೊಡಿ, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು ಅನ್ನುತ್ತದೆ. ಅದು ಮುಖ್ಯವಾಗಿ ನೀರಿನ ಜೀವಿಗಳಿಗೆ ಮಾಡಿದ ಅನುಪಾತ. ಅದೇ ಅಭ್ಯಾಸದಲ್ಲಿ ಪಿಎಚ್‌ಗೂ ಸುಮ್ನೆ 4.7 ಭಾಗಿಸು 5.5 ಅಂತ ಮಾಡಿದರೆ 0.85 ಬರುತ್ತದೆ. ಆಹಾ, ಪರವಾಗಿಲ್ಲವೇ ಅನ್ನಿಸುವ ಅಂಕ! ಆದರೆ ಆ ಭಾಗಾಕಾರಕ್ಕೆ ಅರ್ಥವೇ ಇಲ್ಲ. ಹೈಡ್ರೋಜನ್ ಅಯಾನಿನಲ್ಲಿ ಅದೇ ಲೆಕ್ಕ ಮಾಡಿದರೆ 0.16. ಒಂದೇ ಸರೋವರ, ಒಂದೇ ದತ್ತಾಂಶ. ಸಹಜ ಮಟ್ಟ ಸರಿಯಾಗಿ ಕಂಡುಹಿಡಿದ ಮೇಲೂ ಕೊನೆಯ ಭಾಗಾಕಾರದಲ್ಲಿ ಎಡವಬಹುದು.

0.3 ತಪ್ಪಿನ ಅಂದಾಜಿನ ಬಗ್ಗೆಯೂ ಒಂದು ಮಾತು. 0.8 ಅದಕ್ಕಿಂತ ಸಾಕಷ್ಟು ದೊಡ್ಡದು, ಅದು ಸರಿ. ಅದಕ್ಕಿಂತ ಮುಖ್ಯ ಅಂದರೆ, ಒಂದೇ ಕೊಳವೆಯ ಕೆಳಗಿನ ಪದರಕ್ಕೂ ಮೇಲಿನ ಪದರಕ್ಕೂ ಇರುವ ವ್ಯತ್ಯಾಸವನ್ನು, ಯಾವುದೋ ಒಂದು ಪದರದ ಬಿಡಿ ಅಂಕಿಗಿಂತ ಜಾಸ್ತಿ ನಂಬಬಹುದು. ಯಾಕೆಂದರೆ ಪಟ್ಟಿಯಲ್ಲೇ ಏನಾದರೂ ಓರೆ ಇದ್ದರೆ ಅದು ಎರಡೂ ಪದರಗಳಲ್ಲಿ ಒಂದೇ ದಿಕ್ಕಿಗೆ ಇರುತ್ತದೆ, ಕಳೆಯುವಾಗ ಬಹುಪಾಲು ಹೊರಟುಹೋಗುತ್ತದೆ. ಮೇಲಿನ ಪದರದ ಲೆಕ್ಕವನ್ನು ಈಗ ನೀರಿನಲ್ಲಿ ಅಳೆದ ಪಿಎಚ್ ಜೊತೆ ತಾಳೆ ನೋಡುವ ಅವಕಾಶವೂ ಇದೆ.

ಕಾರಣ ಯಾರು?

ದೂರ ಸರಿದಿದೆ ಅನ್ನೋದು ಒಂದು ಮಾತು, ಸರಿಸಿದವರು ಯಾರು ಅನ್ನೋದು ಬೇರೆ ಮಾತು. ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಈ ಭಾಗವೇ.

ಎದುರಾಳಿ ವಾದಗಳು ಕಡಿಮೆ ಇರಲಿಲ್ಲ. ನಾರ್ವೆಯ ಭೂವಿಜ್ಞಾನಿ ಇವಾನ್ ರೋಸೆನ್‌ಕ್ವಿಸ್ಟ್ 1970ರ ದಶಕದ ಕೊನೆಯಲ್ಲಿ, ತಪ್ಪು ಮಳೆಯದಲ್ಲ, ನೆಲದ ಬಳಕೆ ಬದಲಾದದ್ದೇ ಕಾರಣ ಅಂದರು. ಬೆಟ್ಟದ ಮೇಲಿನ ಬೇಸಾಯ, ಮೇವು ಕಡಿಮೆಯಾಯಿತು, ಹೀದರ್ ಮತ್ತು ಕಾಡು ಮತ್ತೆ ಬೆಳೆಯಿತು, ಅವುಗಳ ಉದುರೆಲೆಯಿಂದ ಹಸಿ ಹ್ಯೂಮಸ್ ಕಟ್ಟಿ ಮಣ್ಣು ಆಮ್ಲವಾಯಿತು ಅನ್ನೋದು ಅವರ ವಾದ. ಎರಡನೆಯ ವಾದ, ಪೈನ್ ಮತ್ತು ಸ್ಪ್ರೂಸ್ ನೆಡುತೋಪುಗಳು ಕಾರಣ. ಮೂರನೆಯದು, ಹಿಮಯುಗ ಮುಗಿದ ಮೇಲೆ ಮಣ್ಣಿನ ಸುಣ್ಣದ ಅಂಶ ತೊಳೆದುಹೋಗಿ ಸರೋವರಗಳು ತಾವಾಗಿಯೇ ನಿಧಾನಕ್ಕೆ ಆಮ್ಲವಾಗುತ್ತವೆ, ಇದು ಅದರ ಮುಂದುವರಿಕೆ ಅಷ್ಟೇ.

ಮೂರೂ ಅಸಂಬದ್ಧವಲ್ಲ. ಮೂರಕ್ಕೂ ರಸಾಯನಶಾಸ್ತ್ರದ ಬೆಂಬಲ ಇದೆ. ಬ್ಯಾಟರ್ಬೀ ತಂಡ 1985ರಲ್ಲಿ ಮಾಡಿದ ಜಾಣತನ ಏನು ಅಂದರೆ, ಯಾರ ವಾದ ಚೆನ್ನಾಗಿದೆ ಅಂತ ಚರ್ಚಿಸಲಿಲ್ಲ. ಒಂದೊಂದು ವಾದವೂ ನಿಜವಾದರೆ ಹೂಳಿನಲ್ಲಿ ಏನು ಕಾಣಬೇಕು ಅಂತ ಕೇಳಿದರು.

ರೋಸೆನ್‌ಕ್ವಿಸ್ಟ್ ಹೇಳಿದ್ದು ನಿಜವಾದರೆ ಹೂಳಿನ ಪರಾಗದಲ್ಲಿ ಹೀದರ್ ಹೆಚ್ಚಬೇಕಿತ್ತು. ಎಣಿಸಿ ನೋಡಿದರೆ ಗ್ಯಾಲೊವೇಯಲ್ಲಿ ಹೀದರ್ ಕಡಿಮೆಯಾಗಿ ಹುಲ್ಲು ಹೆಚ್ಚಿತ್ತು, ವಾದಕ್ಕೆ ನೇರ ಉಲ್ಟಾ. ನೆಡುತೋಪು ಕಾರಣವಾದರೆ ಗಿಡ ನೆಟ್ಟ ಮೇಲೆ ಪಿಎಚ್ ಇಳಿಯಬೇಕಿತ್ತು. ತೋಪು ಇರುವ ಸರೋವರಗಳಲ್ಲಿ ನೆಡುವುದಕ್ಕೆ ಎಷ್ಟೋ ಮುಂಚೆಯೇ ಇಳಿತ ಶುರುವಾಗಿತ್ತು, ಗ್ಲೆನ್‌ಹೆಡ್‌ನಲ್ಲಂತೂ ತೋಪೇ ಇಲ್ಲ. (ತೋಪುಗಳು ಪೂರ್ತಿ ನಿರ್ದೋಷಿ ಅಂತಲ್ಲ. ಎತ್ತರದ ಮರಗಳು ಗಾಳಿಯಲ್ಲಿರುವ ಗಂಧಕವನ್ನು ಜಾಸ್ತಿ ಹಿಡಿದು ನೆಲಕ್ಕೆ ಇಳಿಸುತ್ತವೆ. ಆದರೆ ಮೊದಲು ಗಾಳಿಯಲ್ಲಿ ಗಂಧಕ ಇರಬೇಕಲ್ಲ.)

ಮೂರನೆಯ ವಾದಕ್ಕೆ ಉತ್ತರ ಕೊಡಲು ಉದ್ದದ ಕೊಳವೆ ಬೇಕಾಯಿತು. ಹಿಮ ಕರಗಿದಂದಿನಿಂದ ಇವತ್ತಿನವರೆಗಿನ ಸುಮಾರು 10,000 ವರ್ಷಗಳ ಹೂಳು ಓದಿದರು. ತೀರಾ ಆರಂಭದ ಪದರಗಳನ್ನು ಬಿಟ್ಟರೆ ಸಾವಿರಾರು ವರ್ಷ ಈ ಸರೋವರ ಸ್ವಲ್ಪ ಆಮ್ಲವಾಗಿಯೇ ಇತ್ತು, ದೊಡ್ಡ ಏರುಪೇರಿಲ್ಲ. ನಡುವೆ ಸುತ್ತಲಿನ ಕಾಡು ಹೋಗಿ ಪೀಟ್ ನೆಲ ಹರಡಿತು. ನೆಲದ ಬದಲಾವಣೆಯಿಂದ ಪಿಎಚ್ ಕುಸಿಯುವುದಾಗಿದ್ದರೆ ಆಗ ಕುಸಿಯಬೇಕಿತ್ತು. ಕುಸಿಯಲಿಲ್ಲ. 4.7ರಂಥ ಮಟ್ಟ 1850ಕ್ಕೆ ಮುಂಚೆ ಕಾಣಲೇ ಇಲ್ಲ.

ಹಾಗಾದರೆ ಮಳೆಯ ಕಡೆಗೆ ಬೆರಳು ತೋರಿಸುವ ಸಾಕ್ಷಿ? ಅದೂ ಅದೇ ಹೂಳಿನಲ್ಲಿತ್ತು. ಕಲ್ಲಿದ್ದಲು, ಎಣ್ಣೆಯನ್ನು ಭಾರೀ ಶಾಖದಲ್ಲಿ ಉರಿಸಿದಾಗ ಸಣ್ಣ ದುಂಡನೆಯ ಇಂಗಾಲದ ಕಣಗಳು ಹುಟ್ಟುತ್ತವೆ. ಪ್ರಕೃತಿಯಲ್ಲಿ ಇವು ಬೇರೆ ಯಾವ ರೀತಿಯಲ್ಲೂ ಹುಟ್ಟುವುದಿಲ್ಲ. ಕಾಡ್ಗಿಚ್ಚಿನ ಇದ್ದಿಲು ನೋಡಲು ಬೇರೆಯೇ. ಅಂದರೆ ಇವುಗಳ ಸಹಜ ಮಟ್ಟ ಸೊನ್ನೆ, ವಾದಕ್ಕೆ ಜಾಗವೇ ಇಲ್ಲ. ಬ್ರಿಟನ್ನಿನ ಸರೋವರಗಳ ಹೂಳಿನಲ್ಲಿ ಇವು 1850ರ ಸುಮಾರಿಗೆ ಕಾಣಿಸಿಕೊಂಡು ಎರಡನೇ ಮಹಾಯುದ್ಧದ ನಂತರ ಒಮ್ಮೆಲೇ ಏರುತ್ತವೆ, ದೊಡ್ಡ ಸ್ಥಾವರಗಳೂ ಎತ್ತರದ ಚಿಮಣಿಗಳೂ ಬಂದ ಕಾಲ ಅದು. ಎತ್ತರದ ಚಿಮಣಿ ಊರಿನ ಗಾಳಿಯನ್ನು ಹಗುರ ಮಾಡಿತು, ಹೊಗೆಯನ್ನು ದೂರದ ಬೆಟ್ಟಗಳಿಗೆ ಕಳಿಸಿತು.

ಕೊನೆಗೆ ಒಂದು ತಾಳೆ. ಸ್ಕಾಟ್ಲೆಂಡಿನದೇ ವಾಯವ್ಯ ಭಾಗದಲ್ಲಿ, ಆಮ್ಲ ಮಳೆ ಕಡಿಮೆ ಬೀಳುವ ಕಡೆ, ಇಂಥದೇ ಬಡ ಕಲ್ಲಿನ ಮೇಲಿರುವ ಸರೋವರಗಳನ್ನು ನೋಡಿದಾಗ ಅಲ್ಲಿನ ಡಯಾಟಮ್‌ಗಳು ಅಷ್ಟಾಗಿ ಬದಲಾಗಿರಲಿಲ್ಲ.

ರಾಯಲ್ ಸೊಸೈಟಿ ಮತ್ತು ನಾರ್ವೆ, ಸ್ವೀಡನ್‌ಗಳ ವಿಜ್ಞಾನ ಅಕಾಡೆಮಿಗಳು ಸೇರಿ 1983ರಲ್ಲಿ ಒಂದು ದೊಡ್ಡ ಅಧ್ಯಯನ ಶುರು ಮಾಡಿದವು. ಅದಕ್ಕೆ 50 ಲಕ್ಷ ಪೌಂಡ್ ಕೊಟ್ಟಿದ್ದು ಬ್ರಿಟನ್ನಿನ ವಿದ್ಯುತ್ ಮಂಡಳಿ ಮತ್ತು ಕಲ್ಲಿದ್ದಲು ಮಂಡಳಿಗಳೇ. ಸಾಬೀತಾಗಿಲ್ಲ ಅನ್ನುತ್ತಿದ್ದವರ ದುಡ್ಡಿನಲ್ಲೇ ಸಾಬೀತಾಯಿತು. ಇಡೀ ಪ್ರಯೋಗ ಮುಗಿಯುವ ಮೊದಲೇ, 1986ರಲ್ಲಿ, ಬ್ರಿಟನ್ ತನ್ನ ಕೆಲವು ದೊಡ್ಡ ಸ್ಥಾವರಗಳಿಗೆ ಗಂಧಕ ತೆಗೆಯುವ ಯಂತ್ರ ಹಾಕುವುದಾಗಿ ಹೇಳಿತು. ಗಂಧಕದ ಹೊಗೆ ತಗ್ಗಿಸುವ 1985ರ ಹೆಲ್ಸಿಂಕಿ ಒಪ್ಪಂದಕ್ಕೆ ಸಹಿ ಹಾಕದ ದೇಶ ಅದು, ನೆನಪಿರಲಿ.

ಯಾವ ಕಾಲದ ಸಹಜ?

ಇಷ್ಟಕ್ಕೇ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಪೂರ್ತಿಯಾಗಿರುವುದಿಲ್ಲ. 1850ಕ್ಕೆ ಮುಂಚೆ ಅಂದರೆ ಮನುಷ್ಯ ಮುಟ್ಟದ್ದು ಅಂತಲ್ಲ.

ಸ್ವೀಡನ್ನಿನ ಇಂಗೆಮಾರ್ ರೆನ್‌ಬೆರ್ಗ್ ಮತ್ತು ಜೊತೆಗಾರರು 1993ರಲ್ಲಿ ಒಂದು ಅಚ್ಚರಿಯ ಸಂಗತಿ ತೋರಿಸಿದರು. ದಕ್ಷಿಣ ಸ್ವೀಡನ್ನಿನ ಕೆಲವು ಸರೋವರಗಳು ಹಿಮ ಕರಗಿದ ಮೇಲೆ ಸಾವಿರಾರು ವರ್ಷ ತಾವಾಗಿಯೇ ಆಮ್ಲವಾಗುತ್ತಾ ಹೋಗಿದ್ದವು. ಸುಮಾರು 2000 ವರ್ಷಗಳ ಹಿಂದೆ, ಕಬ್ಬಿಣ ಯುಗದ ರೈತರು ಕಾಡು ಸುಟ್ಟು, ದನ ಮೇಯಿಸಿ, ಬೇಸಾಯ ಶುರು ಮಾಡಿದಾಗ ಪಿಎಚ್ ಮೇಲಕ್ಕೆ ಏರಿತು. 20ನೇ ಶತಮಾನದ ಆಮ್ಲ ಮಳೆ ಅದನ್ನು ಮತ್ತೆ ಕೆಳಗೆ ತಂದಿತು. ಈಗ ಹೇಳಿ, ಆ ಸರೋವರದ ಸಹಜ ಮಟ್ಟ ಯಾವುದು? 1850ನ್ನು ಹಿಡಿದರೆ ರೈತರು ಏರಿಸಿಟ್ಟ ಮಟ್ಟ ಸಿಗುತ್ತದೆ. ಅದಕ್ಕೂ ಹಿಂದೆ ಹೋದರೆ ಇವತ್ತಿನ ಆಮ್ಲ ಮಟ್ಟಕ್ಕೆ ಹತ್ತಿರವಾದದ್ದು ಸಿಗಬಹುದು, 'ನೋಡಿ ಏನೂ ಹಾಳಾಗಿಲ್ಲ' ಅನ್ನುವವರಿಗೆ ಹಬ್ಬ.

ಗ್ಲೆನ್‌ಹೆಡ್ ಅದೃಷ್ಟವಂತ ಪ್ರಕರಣ. ಅಲ್ಲಿ 1850 ಹಿಡಿದರೂ 5000 ವರ್ಷ ಹಿಂದಕ್ಕೆ ಹೋದರೂ ಉತ್ತರ ಹೆಚ್ಚುಕಡಿಮೆ ಒಂದೇ. ಎಲ್ಲ ಕಡೆ ಹಾಗಿರುವುದಿಲ್ಲ. ಅದೇ ಹೂಳಿನಲ್ಲಿ ಸೀಸವನ್ನು ಅಳೆದಿದ್ದರೆ ಇಷ್ಟು ಸಲೀಸಾಗಿರುತ್ತಿರಲಿಲ್ಲ, ಯುರೋಪಿನಲ್ಲಿ ಸೀಸದ ಮಾಲಿನ್ಯ ರೋಮನ್ನರ ಕಾಲಕ್ಕೇ ಶುರುವಾಗಿತ್ತು. ನನ್ನ ಅಭಿಪ್ರಾಯ ಇಷ್ಟು: ಸಹಜ ಮಟ್ಟ ಅಂತ ಅಂಕಿ ಬರೆದ ಮೇಲೆ ಪಕ್ಕದಲ್ಲಿ ಯಾವ ಕಾಲದ್ದು, ಯಾವ ಒತ್ತಡದ ಹೋಲಿಕೆಗೆ ಅಂತಲೂ ಬರೆಯಬೇಕು. ಆಮ್ಲ ಮಳೆಯ ಪಾಲು ತಿಳಿಯಬೇಕಾದರೆ ಆಮ್ಲ ಮಳೆಗೆ ಮುಂಚಿನ ಮಟ್ಟ. ಬೇಸಾಯದ ಪಾಲು ಬೇಕಾದರೆ ಬೇರೆ ಕಾಲ.

ವಾಪಸು ಬರುತ್ತಿದೆಯಾ?

1988ರಿಂದ ಬ್ರಿಟನ್ನಿನ ಆಮ್ಲ ನೀರುಗಳ ನಿಗಾ ಜಾಲ ಈ ಸರೋವರವನ್ನು ಬಿಡದೆ ಅಳೆಯುತ್ತಾ ಬಂದಿದೆ. ಬ್ರಿಟನ್ನಿನ ಸಲ್ಫರ್ ಡೈಆಕ್ಸೈಡ್ 1970ಕ್ಕೆ ಹೋಲಿಸಿದರೆ ಈಗ ಶೇ 97ಕ್ಕೂ ಜಾಸ್ತಿ ಇಳಿದಿದೆ. ನೀರಿನ ಸಲ್ಫೇಟ್ ಕೂಡ ಚೆನ್ನಾಗಿ ಇಳಿಯಿತು. ಪಿಎಚ್ ಮಾತ್ರ ಕುಂಟುತ್ತಾ ಏರಿತು. ಕಾರಣ ಮಣ್ಣಿನಲ್ಲಿದೆ. ಒಂದೂವರೆ ಶತಮಾನ ಆಮ್ಲ ಸುರಿದಾಗ ಗ್ರಾನೈಟ್ ಮಣ್ಣಿನಲ್ಲಿದ್ದ ಅಲ್ಪಸ್ವಲ್ಪ ಕ್ಯಾಲ್ಸಿಯಂ, ಮೆಗ್ನೀಸಿಯಂ ತೊಳೆದುಹೋಯಿತು. ಆ ದಾಸ್ತಾನು ಮತ್ತೆ ತುಂಬುವುದು ಕಲ್ಲು ಕರಗುವ ವೇಗದಲ್ಲಿ.

ಡಯಾಟಮ್‌ಗಳೂ ಬಂದ ದಾರಿಯಲ್ಲೇ ವಾಪಸು ಹೋಗುತ್ತಿಲ್ಲ. ಆಮ್ಲಪ್ರಿಯ ಜಾತಿಗಳು ಕಡಿಮೆಯಾದವು, ಆದರೆ 1850ರ ಗುಂಪು ಹಾಗೆಹಾಗೇ ಮರಳಲಿಲ್ಲ. ನಡುವೆ ಹವೆ ಬಿಸಿಯಾಗಿದೆ, ಗಾಳಿಯಿಂದ ಸಾರಜನಕ ಬೀಳುತ್ತಲೇ ಇದೆ. ಸಹಜ ಮಟ್ಟವನ್ನು ದೂರ ಅಳೆಯುವ ಗುರುತಾಗಿ ಇಟ್ಟುಕೊಳ್ಳಬಹುದು, ತಲುಪಲೇಬೇಕಾದ ಗುರಿ ಅಂತ ಕಾನೂನಿನಲ್ಲಿ ಬರೆದರೆ ತೊಂದರೆ. ಸುಣ್ಣ ಸುರಿದು ಪಿಎಚ್ ಏರಿಸುವವರಿಗೂ ಇದೇ ಮಾತು. ಹತ್ತಿರದ ಲಾಖ್ ಫ್ಲೀಟ್ ಸರೋವರದ ಜಲಾನಯನಕ್ಕೆ 1986ರಲ್ಲಿ ಸುಣ್ಣ ಹಾಕಿ ಟ್ರೌಟ್ ಬಿಟ್ಟರು, ಮೀನು ಬದುಕಿ ಮರಿ ಮಾಡಿತು. ಮೀನಿಗೆ ಒಳ್ಳೆಯದೇ. ಆದರೆ 5.5ರ ಆಸುಪಾಸು ಸಹಜವಾಗಿದ್ದ ನೀರನ್ನು ಸುಣ್ಣ ಹಾಕಿ 7ರ ಕಡೆಗೆ ಒಯ್ದರೆ ಆ ಸರೋವರ ಎಂದೂ ಇರದ ಸ್ಥಿತಿಗೆ ಹೋದಂತೆ, ಹಾಗೆ ಮಾಡಿದ್ದನ್ನು ಚೇತರಿಕೆ ಅನ್ನುವುದು ಕಷ್ಟ.

ಇನ್ನೊಂದು ವಿಚಿತ್ರವೂ ಕಂಡಿತು. ಗಂಧಕ ಇಳಿದಂತೆ ನೀರು ಕಂದಾಗತೊಡಗಿತು. ಮಣ್ಣಿನ ಸಾವಯವ ಇಂಗಾಲ ಜಾಸ್ತಿ ಕರಗಿ ಬರತೊಡಗಿತ್ತು. ಕುಡಿಯುವ ನೀರು ಶುದ್ಧ ಮಾಡುವವರಿಗೆ ಇದು ತಲೆನೋವು, ನೋಡುವವರಿಗೆ ಹೊಸ ಮಾಲಿನ್ಯದ ಹಾಗೆ. 2007ರಲ್ಲಿ ಡಾನ್ ಮೊಂಟೀತ್ ಮತ್ತು ಜೊತೆಗಾರರು ಉತ್ತರ ಅಮೆರಿಕ ಮತ್ತು ಉತ್ತರ ಯುರೋಪಿನ 522 ಸರೋವರ, ಹೊಳೆಗಳ ದತ್ತಾಂಶ ಸೇರಿಸಿ ನೋಡಿದರು. ಆಮ್ಲ ಮಳೆ ಇದ್ದಾಗ ಈ ಇಂಗಾಲ ಮಣ್ಣಿನಲ್ಲೇ ಸಿಕ್ಕಿಕೊಂಡಿತ್ತು, ಮಳೆಯ ಆಮ್ಲ ಮತ್ತು ಲವಣ ಕಡಿಮೆಯಾದಂತೆ ಬಿಡುಗಡೆಯಾಗುತ್ತಿದೆ ಅನ್ನೋದು ಅವರಿಗೆ ಕಂಡ ಮುಖ್ಯ ಕಾರಣ. ಅಂದರೆ ಈ ಕಂದು ಬಣ್ಣ ಹಳೇ ಸ್ಥಿತಿಗೆ ಮರಳುವ ಲಕ್ಷಣ, 1980ರ ತಿಳಿ ನೀರೇ ರೋಗದ ಲಕ್ಷಣವಾಗಿತ್ತು. ಆ ತಿಳಿ ನೀರನ್ನು ಹೋಲಿಕೆಗೆ ಇಟ್ಟುಕೊಂಡವರು ಚೇತರಿಕೆಯನ್ನು ಹಾನಿ ಅಂತ ದಾಖಲಿಸುತ್ತಾರೆ. ಮತ್ತೊಂದು ಕಡೆ, ಆ ಸಾವಯವ ಆಮ್ಲಗಳೇ ಪಿಎಚ್ ಬೇಗ ಏರದಂತೆ ಹಿಡಿದಿಡುತ್ತವೆ.

ಉಳಿದಿರುವುದು ಸಾರಜನಕ. ಅದು ಗಂಧಕದಷ್ಟು ಬೇಗ ಇಳಿದಿಲ್ಲ, ಅದರ ಸಹಜ ಮಟ್ಟ ಹುಡುಕೋಕೆ ಡಯಾಟಮ್‌ನ ಪಿಎಚ್ ಪಟ್ಟಿ ಸಾಲದು. ಅದಕ್ಕೆ ಹೂಳಿನ ಸಾರಜನಕ ಐಸೋಟೋಪು, ಅಂದರೆ ಸಾರಜನಕದ ಹಗುರ ಮತ್ತು ಭಾರದ ಪರಮಾಣುಗಳ ಪಾಲು, ನೋಡುತ್ತಾರೆ. ಉತ್ತರ ಗೋಳಾರ್ಧದ ದೂರದ ಸರೋವರಗಳ ಹೂಳನ್ನು ಸೇರಿಸಿ 2011ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಬದಲಾವಣೆ ಶುರುವಾಗಿದ್ದು 1895ರ ಆಸುಪಾಸು, ಕೃತಕ ಗೊಬ್ಬರ ತಯಾರಿಸುವ ಹೇಬರ್-ಬಾಷ್ ವಿಧಾನ ಬರುವುದಕ್ಕೂ ಮುಂಚೆ.